ನೀಲಿ ಗೇಟಿನ ಮಾಲೀಕರು

ನೆನೆದ ನಾಯಿಯ ಮೈವಾಸನೆ. ಪ್ರಾಣಿದಯಾ ಸಂಘದ ಅಧ್ಯಕ್ಷೆಯ ಪ್ರತಿ ಭಾಷಣವೂ ಅದರಿಂದಲೇ ಶುರುವಾಗುತ್ತಿತ್ತು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ನಾಯಿ ಮಳೆಯಲ್ಲಿ ತೋಯ್ದು ಬಂದು ಅವರ ಮಡಿಲಲ್ಲಿ ಮುದುಡಿಕೊಂಡಿತ್ತಂತೆ. ಆ ವಾಸನೆ ಇವತ್ತಿಗೂ ಮೂಗಿನಲ್ಲೇ ಇದೆಯಂತೆ. ಅಷ್ಟು ಹೇಳಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ಸಭೆ ಕರಗಿ ನೀರಾಗುತ್ತಿತ್ತು.

ಈಗ ನೀಲಿ ಗೇಟಿನ ಮುಂದೆ ಅದೇ ವಾಸನೆ ನಿಜವಾಗಿಯೂ ಬಂದು ಬಡಿದಾಗ ಅವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು.

“ಮೇಡಂ, ಮುಖ ಕಾಣ್ತಿಲ್ಲ,” ಎಂದ ಟಿವಿಯ ಕ್ಯಾಮೆರಾದವನು.

ಕರವಸ್ತ್ರ ಇಳಿಯಿತು.

ಹಿಂದೆ ಸಂಘದ ಸದಸ್ಯರು, ಎಲ್ಲರಿಗೂ ಒಂದೇ ಬಣ್ಣದ ಟೋಪಿ. ಎಲ್ಲರ ಕೈಯಲ್ಲೂ ಒಂದೇ ಪೋಸ್ಟರು. ಸೋರುವ ತಗಡಿನ ಮಾಡು, ಕೆಸರಿನಲ್ಲಿ ಒತ್ತಿಕೊಂಡು ನಿಂತ ನಾಯಿಗಳು, ಅಂಚಿನಲ್ಲಿ ನೀಲಿ ಗೇಟು. ಕೆಳಗೆ ಕೆಂಪಕ್ಷರದಲ್ಲಿ, ‘ಈ ಪಾಪಿ ಯಾರು?’

ಚಿತ್ರ ಬಂದದ್ದು ಸಂಘದ ಫೋನಿಗೆ, ಗುರುತಿಲ್ಲದ ನಂಬರಿನಿಂದ. ಜೊತೆಗೆ ಒಂದು ಸಾಲು: ‘ಮಾಡು ಸೋರ್ತಿದೆ, ದಯವಿಟ್ಟು ಬಂದು ನೋಡಿ.’ ತಿರುಗಿ ಆ ನಂಬರಿಗೆ ಫೋನು ಮಾಡುವ ಯೋಚನೆ ಯಾರಿಗೂ ಬರಲಿಲ್ಲ. ಪ್ರಚಾರ ಕಾರ್ಯದರ್ಶಿ ಸಂಜೆಯೊಳಗೆ ಪೋಸ್ಟರು ಅಚ್ಚು ಹಾಕಿಸಿದ. ಅಧ್ಯಕ್ಷೆ ಟಿವಿಯಲ್ಲಿ ಮಾತು ಕೊಟ್ಟರು: ಈ ಜಾಗಕ್ಕೆ ಜವಾಬ್ದಾರರು ಯಾರೇ ಆಗಿರಲಿ, ಅವರನ್ನು ನಿಮ್ಮೆಲ್ಲರ ಕಣ್ಣೆದುರೇ ಪೊಲೀಸ್ ಜೀಪು ಹತ್ತಿಸುತ್ತೇನೆ.

ಮಾತು ಉಳಿದರೆ ಕೇಂದ್ರ ಪ್ರಾಣಿ ಕಲ್ಯಾಣ ಮಂಡಳಿಯ ಕುರ್ಚಿ ಅವರದು. ತಪ್ಪಿದರೆ ಪಕ್ಷಿಪ್ರೇಮಿಗಳ ಸಂಘದ ಗಿಳಿ ಮೇಷ್ಟ್ರದು. ಆ ಮನುಷ್ಯ ಹೋದಲ್ಲೆಲ್ಲ ಹೆಗಲ ಮೇಲೆ ಗಿಳಿ ಕೂರಿಸಿಕೊಂಡು ಹೋಗುತ್ತಿದ್ದ. ಅಧ್ಯಕ್ಷೆಗೆ ಗಿಳಿಯನ್ನು ಕಂಡರೂ ಆಗುತ್ತಿರಲಿಲ್ಲ.

ಹಾಗೆಂದು ಅವರದು ಸಣ್ಣ ದುಡಿಮೆಯಲ್ಲ. ತಿಮಿಂಗಿಲಗಳಿಗಾಗಿ ಓಟ, ಹದ್ದುಗಳಿಗಾಗಿ ಮೌನ ಮೆರವಣಿಗೆ. ಸಂಘದ ಆಶ್ರಯಧಾಮವನ್ನು ಹೋಟೆಲಿನ ಸಭಾಂಗಣದಲ್ಲೇ, ರಟ್ಟಿನ ಮಾದರಿಯ ಮುಂದೆ ರಿಬ್ಬನ್ ಕತ್ತರಿಸಿ ಉದ್ಘಾಟಿಸಬೇಕಾಗಿ ಬಂದಿತ್ತು. ಅಲ್ಲಿಂದ ಅವರು ಕತ್ತೆಗಳ ಹಕ್ಕಿನ ಸಮ್ಮೇಳನಕ್ಕೆ ಓಡಬೇಕಿತ್ತು. ಉಸಿರಾಡಲು ಬಿಡುವಿಲ್ಲದ ಕರುಣೆ ಅದು.

ಪೋಸ್ಟರು ನೋಡಿ ಹಾಲು ಹಾಕುವವನೊಬ್ಬ ಗೇಟು ಗುರುತು ಹಿಡಿದಿದ್ದ. ಕಾರ್ಯದರ್ಶಿ ಬೀಗ ಕತ್ತರಿಸಲು ದೊಡ್ಡ ಇಕ್ಕಳ ತಂದಿದ್ದ. ಬೀಗವೇ ಇರಲಿಲ್ಲ. ವಯಸ್ಸಾದ ಹೆಂಗಸೊಬ್ಬಳು ಒಳಗಿನಿಂದ ಅಗುಳಿ ತೆಗೆದಳು.

“ಅಯ್ಯೋ, ಬಂದೇ ಬಿಟ್ರಾ ತಾಯಿ!” ಅವಳ ಮುಖವೆಲ್ಲ ಅರಳಿತು. “ನಿಮ್ಮನ್ನ ಬರೀ ಗೋಡೆ ಮೇಲೆ ನೋಡಿದ್ದೆ.”

ತಮ್ಮ ಭಾವಚಿತ್ರದ ಪೋಸ್ಟರುಗಳ ಮಹಿಮೆ, ಎಂದುಕೊಂಡರು ಅಧ್ಯಕ್ಷೆ. ಒಳಗೊಳಗೇ ಹಿಗ್ಗಿದರೂ ಕ್ಯಾಮೆರಾಕ್ಕಾಗಿ ಹುಬ್ಬು ಗಂಟಿಕ್ಕಿ, ಪೋಸ್ಟರನ್ನು ಅವಳ ಮುಖಕ್ಕೆ ಹಿಡಿದರು.

“ನೋಡು ಇದನ್ನ! ನಾಚಿಕೆ ಆಗಲ್ವಾ?”

“ಎಷ್ಟು ದೊಡ್ಡದು ಮಾಡ್ಸಿದೀರಿ! ನನ್ನ ತಮ್ಮನ ಮಗಳು ತೆಗ್ದಿದ್ದು. ನಮ್ಮ ಕುಂಟಪ್ಪನ ಮುಖಾನೇ ಬಿದ್ದಿಲ್ಲ ನೋಡಿ, ಪಾಪ.”

ಮನೆಯೊಳಗಿನವರೇ ಹೇಸಿ ಗುಟ್ಟು ಹೊರಹಾಕಿದ್ದಾರೆ ಎಂದು ಅಧ್ಯಕ್ಷೆ ಕ್ಯಾಮೆರಾಕ್ಕೆ ವಿವರಿಸಿದರು.

ಅಂಗಳ ಪೋಸ್ಟರಿನಂತೆಯೇ ಇತ್ತು. ಮಾಡು ತೊಟ್ಟಿಕ್ಕುತ್ತಿತ್ತು. ಕುಂಟ ನಾಯಿಯೊಂದು ತೋಳು ಮಡಚಿದ ಸ್ವೆಟರು ತೊಟ್ಟಿತ್ತು. ಚಳಿಗೆ ನಡುಗುತ್ತಿದ್ದವಳು ಹೆಂಗಸು. ಹಿಂದೆ ಬಂದ ಇನ್ಸ್‌ಪೆಕ್ಟರಿಗೆ ಅವಳು ಇದ್ದ ಒಂದೇ ಸ್ಟೂಲನ್ನು ಒರೆಸಿ ಕೊಟ್ಟಳು. ಅವನ ಮಂಡಿ ನೋವು ಅವಳ ಕಣ್ಣಿಗೆ ಬಿದ್ದಿತ್ತು.

“ಈ ಮೂಕಜೀವಿಗಳಿಗೆ ಈ ಗತಿ ತಂದೋರು ಯಾರು?” ಅಧ್ಯಕ್ಷೆಯ ದನಿ ಏರಿತು. “ನಿನಗೆ ಸಂಬಳ ಕೊಡೋರು ಯಾರು?”

“ಕೊಡ್ತಾರೆ ತಾಯಿ, ಸುಳ್ಳು ಹೇಳಬಾರ್ದು. ಈ ಕಡೆ ತಲೆ ಹಾಕಲ್ಲ, ಅಷ್ಟೆ. ಫೋನು ಮಾಡಿದ್ರೆ ಯಾವಾಗ್ಲೂ ಮೀಟಿಂಗು.”

“ಕೇಳಿದ್ರಾ? ಮೀಟಿಂಗಂತೆ! ಮನುಷ್ಯರಾ ಅವರು?”

“ಒಳ್ಳೇವ್ರೇ ಇರ್ಬೇಕು,” ಎಂದಳು ಹೆಂಗಸು ಯೋಚಿಸಿ. “ಮರೆವು ಜಾಸ್ತಿ.”

ಟೋಪಿಗಳು ಧಿಕ್ಕಾರ ಕೂಗಿದವು. ನಾಯಿಗಳೂ ದನಿಗೂಡಿಸಿದವು. ಇನ್ಸ್‌ಪೆಕ್ಟರು ಕಿವಿ ಮುಚ್ಚಿಕೊಂಡ.

“ಅಜ್ಜೀ, ಬೇಗ ಹೇಳಮ್ಮ. ಯಾರನ್ನಾದ್ರೂ ಜೀಪು ಹತ್ತಿಸದೆ ಇವರು ನನ್ನ ಬಿಡೋ ಹಂಗಿಲ್ಲ.”

ಆಗ ಮೊದಲ ಸಲ ಅವಳ ಮುಖದ ನಗು ಮಾಯವಾಯಿತು. “ಜೀಪಾ? ಅಷ್ಟು ದೂರ ಯಾಕೆ ಸ್ವಾಮಿ? ಒಂದು ಮಾಡು ರಿಪೇರಿಗೆ?”

“ದೂರಿಗೆ ನಾನೇ ಸಹಿ ಹಾಕಿದ್ದೀನಿ!” ಎಂದರು ಅಧ್ಯಕ್ಷೆ.

“ವಯಸ್ಸಾದೋರಾದ್ರೆ? ಬಿ.ಪಿ. ಗಿ.ಪಿ. ಇದ್ರೆ?”

“ವಯಸ್ಸು ನೋಡೋ ಮಾತೇ ಇಲ್ಲ. ಈ ರಾತ್ರಿ ಲಾಕಪ್ಪಿನಲ್ಲಿ ಕಳೀಲಿ, ಬುದ್ಧಿ ಬರುತ್ತೆ. ಕ್ಯಾಮೆರಾ ಮುಂದೆ ಹೇಳ್ತಿದ್ದೀನಿ, ಮಾತು ವಾಪಸ್ ತಗೊಳ್ಳೋಳಲ್ಲ ನಾನು.”

ಹೆಂಗಸು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಕ್ಯಾಮೆರಾವನ್ನು ಕಂಡು ಸುಮ್ಮನಾದಳು. ಆಮೇಲೆ ಕಾಲೆಳೆಯುತ್ತ ತಗಡಿನ ಕೋಣೆಯೊಳಗೆ ಹೋದಳು.

“ಹೆದರಿದ್ದಾಳೆ,” ಎಂದು ಕಾರ್ಯದರ್ಶಿ ಪಿಸುಗುಟ್ಟಿದ. “ಒಳಗಿಂದ ಅವರನ್ನೇ ಕರ್ಕೊಂಡು ಬರ್ತಾಳೆ ನೋಡಿ.”

ಅಧ್ಯಕ್ಷೆ ಕೂದಲು ಸರಿಮಾಡಿಕೊಂಡರು. ಕ್ಯಾಮೆರಾ ಬಾಗಿಲಿಗೆ ತಿರುಗಿತು. ಧಿಕ್ಕಾರ ನಿಂತಿತು.

ಹೆಂಗಸು ಒಬ್ಬಳೇ ಹೊರಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ಊಟದ ಡಬ್ಬಿ, ತನಗೆಂದು ಕಟ್ಟಿಕೊಂಡು ಬಂದದ್ದು, ಇನ್ನೂ ಬೆಚ್ಚಗಿತ್ತು. ಇನ್ಸ್‌ಪೆಕ್ಟರನ್ನು ದಾಟಿ ಬಂದು, ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತು, ಅದನ್ನು ಅಧ್ಯಕ್ಷೆಯ ಎರಡೂ ಕೈಗಳಲ್ಲಿ ಇಟ್ಟಳು.

“ಠಾಣೇಲಿ ಹೊತ್ತಾಗುತ್ತೆ, ದಾರೀಲೇ ತಿಂದ್ಬಿಡಿ ತಾಯಿ,” ಎಂದಳು, ಅವರಿಗೆ ಮಾತ್ರ ಕೇಳುವಂತೆ, “ನಮ್ಮ ಸಂಘದ ಅಧ್ಯಕ್ಷರು ನಮ್ಮ ಆಶ್ರಯಧಾಮಕ್ಕೆ ಮೊದಲನೇ ಸಲ ಬಂದು ಹಸ್ಕೊಂಡು ಹೋಗಬಾರ್ದು.”