ಎರಡನೆಯ ಕೌಂಟರ್

ಶಟರ್ ಎಳೆಯುವ ಕೊಕ್ಕೆಯನ್ನು ಕೈಯಲ್ಲಿ ಹಿಡಿದೇ ಬ್ಯಾಂಕಿನ ಮ್ಯಾನೇಜರ್ ವಿಜಯಶ್ರೀ ಹೊರಗೆ ನೋಡಿದಳು. ಗ್ರಾಹಕರ ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂದು, ಭೂಸನೂರ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳಿಗೆ ಅಡ್ಡವಾಗಿ ನಿಂತಿತ್ತು. ಖರ್ಚು ಉಳಿಸಲೆಂದು ಹೆಡ್ಡಾಫೀಸಿನವರು ಹೋದ ವಾರ ಎರಡನೆಯ ಕೌಂಟರ್ ಮುಚ್ಚಿಸಿ, ಅಲ್ಲಿ ಕೂರುತ್ತಿದ್ದ ಕ್ಯಾಷಿಯರ್ ಜಗದೇವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಅಂದಿನಿಂದ ಸಾಲು ಬೆಳೆಯಿತು. ಬೆಳೆದ ಸಾಲು ಕಂಡವರು ಬ್ಯಾಂಕು ಮುಳುಗುತ್ತಿದೆ ಎಂದುಕೊಂಡು ತಾವೂ ಬಂದು ನಿಂತರು. ಈಗ ಅದೇ ಹೆಡ್ಡಾಫೀಸು ಫೋನಿನಲ್ಲಿ, "ಶಟರ್ ಎಳೀರಿ ಮೇಡಂ," ಎನ್ನುತ್ತಿತ್ತು.

ಸಾಲಿನ ನಡುವೆ ಜಗದೇವನೂ ಪಾಸ್‌ಬುಕ್ ಹಿಡಿದು ನಿಂತಿದ್ದ. "ಬ್ಯಾಂಕಿನ ಮನಷ್ಯಾನೇ ರೊಕ್ಕ ತಗೊಳ್ಳಾಕ ಬಂದಾನ, ನೋಡ್ರಿ!" ಎಂದು ಅವನ ಹಿಂದಿದ್ದ ಮುದುಕಿ ಅಂಬುಬಾಯಿ ಊರಿಗೇ ಕೇಳುವಂತೆ ಕೂಗಿದಳು.

ವಿಜಯಶ್ರೀ ಫೋನ್ ಕಟ್ ಮಾಡಿ ಕೊಕ್ಕೆಯನ್ನು ಮೂಲೆಗೆಸೆದಳು. ಗೋಡೆಗೆ ಒರಗಿಸಿಟ್ಟಿದ್ದ ಕುರ್ಚಿಯನ್ನು ತಾನೇ ಎಳೆದು ತಂದು, ಸೆರಗಿನಿಂದ ಧೂಳು ಒರೆಸಿ, ಎರಡನೆಯ ಕೌಂಟರಿನ ಹಿಂದೆ ಹಾಕಿದಳು. "ಜಗದೇವಣ್ಣ, ಒಳಗ ಬರ್ರಿ. ನಿಮ್ಮನ್ನ ಕಳಿಸಿದ್ದು ತಪ್ಪಾಗ್ಯಾದ. ನಾಳಿ ನನ್ನೂ ತೆಗೀತಾರೇನೋ, ತೆಗೀಲಿ. ಇವತ್ತ ಈ ಕುರ್ಚಿ ಖಾಲಿ ಇರಬಾರದು."

ಜಗದೇವ ಒಳಬಂದು ಕೂತ. ಪಾಸ್‌ಬುಕ್ಕನ್ನು ಜೇಬಿಗೆ ಸೇರಿಸಿ, "ಮುಂದ ಬರ್ರಿ," ಎಂದ. ಸಾಲು ಎರಡಾಗಿ ಒಳಗೆ ಸರಿಯಿತು. ಅಂಬುಬಾಯಿ ಕೌಂಟರಿಗೆ ಬಗ್ಗಿ ಕೇಳಿದಳು: "ನಿನ್ನ ರೊಕ್ಕ ತಗೊಳ್ಳಿಲ್ಲೇನೋ?"

"ಕೆಲಸ ಹೋಗಿತ್ತಲ್ಲ ಆಯಿ, ಮನಿ ನಡಸಾಕ ಬೇಕಿತ್ತು. ಈಗ ಬ್ಯಾಡ."

ಅಂಬುಬಾಯಿ ಅವನ ಮುಖವನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿದಳು. ತನ್ನ ಪಾಸ್‌ಬುಕ್ಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೂ ರಸ್ತೆಯಲ್ಲಿ ಉಳಿದಿದ್ದ ಸಾಲಿನ ಕಡೆ ತಿರುಗಿದಳು.

"ಆ ಕಡೆ ಸರೀರಿ, ಟ್ರ್ಯಾಕ್ಟರಿಗೆ ದಾರಿ ಬಿಡ್ರಿ."