ಊರಿಗೆ ಹೊರಟವಳ ಕಾರ್ಡು

"ನನಗೂ ಒಂದು ಕಾರ್ಡ್ ಮಾಡ್ಸಪ್ಪಾ" ಎಂದು ಜಟ್ಟೆಮ್ಮ ಕೆ.ಆರ್. ಪುರ ಮೆಟ್ರೊ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮುಂದೆ ಗಟ್ಟಿಯಾಗಿ ನಿಂತಾಗ ಅಳಿಯ ದತ್ತುವಿಗೆ ನಗು ತಡೆಯಲಾಗಲಿಲ್ಲ. ಬಂದ ದಿನ ಕೇಳಿದ್ದರೆ ಬೇರೆ ಮಾತು. ಮೆಜೆಸ್ಟಿಕ್ಕಿಗೆ ಹೋಗಿ ಯಾದಗಿರಿ ಬಸ್ಸು ಹತ್ತಬೇಕಾದ ಹೊತ್ತಿನಲ್ಲಿ ಕೇಳುತ್ತಿದ್ದಾಳೆ! ಮಗಳು ಗಂಗಾ ಮಾತ್ರ ನಗಲಿಲ್ಲ.

"ಅತ್ತೀ, ಊರಿಗೆ ಹೊಂಟು ನಿಂತೀರಿ. ಈಗ್ಯಾಕ್ರಿ ಕಾರ್ಡು? ಟೋಕನ್ ಸಾಕು."

ದತ್ತು ಫ್ರಿಜ್ ರಿಪೇರಿಯವನು; ಯಾವುದನ್ನೂ ಪೂರ್ತಿ ಬಿಚ್ಚಿ ನೋಡದೆ ಬಿಡುವ ಆಸಾಮಿಯಲ್ಲ. ಕಾರ್ಡಿಗೆ ಕೊಟ್ಟ ದುಡ್ಡು ತಿರುಗಿ ಬರುವುದಿಲ್ಲ, ರಿಯಾಯಿತಿಯ ಲಾಭ ಏನಿದ್ದರೂ ದಿನಾ ಓಡಾಡುವವರಿಗೆ, ಎಂದಾದರೊಮ್ಮೆ ಬರುವ ನೆಂಟರಿಗೆ ಅದು ಶುದ್ಧ ದಂಡ ಎಂದು ಪಾಠ ಒಪ್ಪಿಸತೊಡಗಿದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಗಂಗಾಳಿಗೆ ಸಂಕಟವಾದದ್ದೇ ಅದಕ್ಕೆ.

ಅವಳಿಗೀಗ ಆರನೇ ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಕರೆದೊಯ್ಯುವ ದಿನ ಗೊತ್ತುಮಾಡೋಣವೆಂದು ಅವ್ವ ಬಂದಿದ್ದಳು. ಆದರೆ ಇಂದಿರಾನಗರದ ಬಟ್ಟೆ ಅಂಗಡಿಯಲ್ಲಿ ಗಂಗಾ ಕೂತು ಹೊಲಿಯುವ ಮಿಷನ್ನನ್ನು ತಿಂಗಳುಗಟ್ಟಲೆ ಯಾರೂ ಖಾಲಿ ಇಡುವುದಿಲ್ಲ. ಊರಿಗೆ ಹೋದರೆ ಕೆಲಸವೂ ಹೋದ ಹಾಗೆಯೇ. "ಹೆರಿಗಿ ಇಲ್ಲೇ ಆಗ್ಲಿ ಅವ್ವಾ, ನೀನೇ ಬಾ" ಎಂದು ಬಂದ ದಿನವೇ ಬಾಯಿಬಿಟ್ಟು ಕೇಳಿದ್ದಳು. "ಮಂದಿ ಏನಂತಾರ?" ಎಂದಷ್ಟೇ ಹೇಳಿ ಅವ್ವ ರೊಟ್ಟಿ ಬಡಿಯಲು ಕೂತಿದ್ದಳು. ವಾರ ಕಳೆದರೂ ಉತ್ತರ ಬರಲಿಲ್ಲ. ಒಲ್ಲೆ ಎಂದುಬಿಟ್ಟರೆ ಏನು ಗತಿ ಎಂಬ ಭಯಕ್ಕೆ ಗಂಗಾ ಮತ್ತೆ ಕೇಳಲೂ ಇಲ್ಲ.

ಈಗ ನೋಡಿದರೆ ಕಾರ್ಡು ಕೇಳುತ್ತಿದ್ದಾಳೆ. ಅವ್ವ ಸುಮ್ಮನೆ ಆಸೆಪಟ್ಟಳೋ, ಇಲ್ಲಾ ಮನಸ್ಸಿನಲ್ಲಿ ಏನಾದರೂ ಇದೆಯೋ? ಈ ಮಹಾರಾಯ ಲೆಕ್ಕ ಹೇಳಿ ಹೇಳಿ ಅವಳನ್ನು ಹಿಂದೆ ಸರಿಸಿಬಿಟ್ಟರೆ! ಗಂಡನ ಕಾಲು ತುಳಿದಳು. ದತ್ತು ಕಾಲು ಎಳೆದುಕೊಂಡು ಲೆಕ್ಕ ಮುಂದುವರಿಸಿದ.

ಕಿಟಕಿಯಾಚೆಯ ಹುಡುಗಿಗೆ ಸಾಕಾಗಿತ್ತು. "ಬೇಗ ಹೇಳಿ ಸಾರ್, ಹಿಂದೆ ಕ್ಯೂ ಇದೆ. ಅಮ್ಮ ದಿನಾ ಓಡಾಡ್ತಾರಾ?"

"ಎಲ್ಲಿ ಮೇಡಂ, ಇವ್ರು ಊರಿಗೆ..."

"ಓಡಾಡ್ತೀನವ್ವ, ದಿನಾ ಓಡಾಡ್ತೀನಿ" ಎಂದು ಜಟ್ಟೆಮ್ಮ ಅಳಿಯನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು.

ದತ್ತು ಕಕ್ಕಾಬಿಕ್ಕಿಯಾದ. "ದಿನಾ ಎಲ್ಲಿಗ್ರಿ, ಅತ್ತೀ?"

ಜಟ್ಟೆಮ್ಮ ಮಗಳ ಹೊಟ್ಟೆಯ ಕಡೆ ಒಮ್ಮೆ ನೋಡಿ, ಅಳಿಯನ ಕಡೆ ತಿರುಗಿದಳು.

"ಮಧ್ಯಾಹ್ನ ಕೂಸಿನ್ನ ಎತ್ಗೊಂಡು ಇಕಿ ಅಂಗಡಿಗೆ ಹೋಗಿ ಹಾಲು ಕುಡಿಸ್ಕೊಂಡು ಬರಾಕ ಯಾರರ ಒಬ್ರು ಬೇಕಲ್ಲಪ್ಪಾ. ನಿನ್ನ ಲೆಕ್ಕ ಹೋಗ್ತದೇನು?"