ಒಂದೇ ಸಂದೇಶ

ಮಗಳು ಕಾಣೆಯಾದ ಮೇಲೆ ಆ ನಿವೃತ್ತ ಬಸ್ ಮೆಕ್ಯಾನಿಕ್ ವೆಬ್‌ಪುಟ ಮಾಡುವ ಜಾವಾಸ್ಕ್ರಿಪ್ಟ್ ಭಾಷೆ ಕಲಿಯಲು ಕಂಪ್ಯೂಟರ್ ಕ್ಲಾಸಿಗೆ ಹೋದ. ಆ ಭಾಷೆಯನ್ನು ನಡೆಸುವ ಎಂಜಿನ್ನನ್ನು ಬ್ರೌಸರಿನಿಂದ ಬಿಚ್ಚಿ ಹೊರಗಿಟ್ಟೂ ಓಡಿಸಬಹುದು ಎಂದು ಅಲ್ಲಿನ ಮೇಡಂ ಹೇಳಿದ್ದಷ್ಟೇ ಅವನಿಗೆ ತಟ್ಟನೆ ಅರ್ಥವಾಯಿತು. ಮನೆಯ ಹಳೇ ಕಂಪ್ಯೂಟರಿನಲ್ಲಿ ಸರ್ವರ್ ಓಡಿಸಿ, ಮಗಳ ಫೋಟೊ ಹಾಕಿ, 'ಕಂಡವರು ಇಲ್ಲಿ ಬರೆಯಿರಿ' ಎಂಬ ಪುಟ ಮಾಡಿದ. ಅದರ ವಿಳಾಸವನ್ನು ಬಸ್‌ಸ್ಟ್ಯಾಂಡುಗಳಲ್ಲೆಲ್ಲ ಅಂಟಿಸಿದ.

ಆರು ತಿಂಗಳಲ್ಲಿ ಬಂದದ್ದು ಒಂದೇ ಸಂದೇಶ: 'ಅಪ್ಪಾ, ಚೆನ್ನಾಗಿದೀನಿ. ಹುಡುಕಬೇಡಿ.' ಅಂದು, ಎಷ್ಟೋ ದಿನದ ಮೇಲೆ, ಹೆಂಡತಿ ಬಡಿಸಿದ್ದನ್ನು ಹೊಟ್ಟೆತುಂಬ ಉಂಡ.

ಮರುದಿನ, ತನಗೆ ಕಲಿಸಿದ ಮೇಡಂ ಅವರನ್ನು ಮನೆಗೆ ಕರೆತಂದ. "ಇದು ಯಾವ ಊರಿಂದ ಬಂತು, ನೋಡಿ ಹೇಳಿ ಮೇಡಂ."

"ಸರ್, ನೀವು ಅಂಟಿಸಿರೋದು ಲೋಕಲ್‌ಹೋಸ್ಟ್ ವಿಳಾಸ. ಅದು ಹೊರಗಡೆ ಯಾರಿಗೂ ತೆರೆಯಲ್ಲ. ಈ ಕಂಪ್ಯೂಟರ್ ಮುಂದೆ ಕೂತವರು ಮಾತ್ರ ಬರೆಯೋಕಾಗೋದು."

ಕಾಫಿ ತಂದ ಹೆಂಡತಿ ಬಾಗಿಲಲ್ಲೇ ನಿಂತಳು.